ಗದೆ ಹಿಡಿದವರ ಬೆಲ್‌ಬಾಟಂ ನಾಟಕ

ನಾಟಕ ಆಡುವವರ ಜೊತೆ ಓಡಾಡಿದರೆ ಬರೆದ ಹಾಸ್ಯಕ್ಕಿಂತ ಬರೆಯದ ಹಾಸ್ಯವೇ ಜಾಸ್ತಿ ಸಿಗುತ್ತದೆ. ನಮ್ಮೂರಿನ ತಂಡಕ್ಕಂತೂ ಇದು ಪ್ರತಿ ವರ್ಷದ ಪಾಡು.

ಬಿಳಿಕೆರೆ ಪಕ್ಕದ ನಮ್ಮೂರಲ್ಲಿ ಹೊಗೆಸೊಪ್ಪು, ರಾಗಿ ಬೆಳೆಯುವವರೆಲ್ಲ ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಾರೆ. ಕಿರೀಟ ಹೊತ್ತು ಹೊತ್ತು ಬೇಜಾರಾಯಿತೋ ಏನೋ, ಈ ಸಲ ಬೆಲ್‌ಬಾಟಂ ಕಾಲದ ಹಾಡು-ಕುಣಿತದ ಹಾಸ್ಯ ನಾಟಕ ಅಂತ ತೀರ್ಮಾನವಾಯಿತು. ಕಲಿಸುವುದಕ್ಕೆ ಕೆ.ಆರ್. ನಗರದಿಂದ ಹಾರ್ಮೋನಿಯಂ ಮೇಷ್ಟ್ರು ಬಂದರು. ಹೆಣ್ಣು ಪಾತ್ರಕ್ಕೆ ಪೇಟೆಯಿಂದ ನಟಿಯರನ್ನು ಕರೆಸುವುದು ರೂಢಿ. ಈ ಸಲ ಊರಿನ ಅಂಗನವಾಡಿ ಟೀಚರ್ ಆದ ನನ್ನನ್ನೇ ಕೇಳಿದರು. ಚಿಕ್ಕಂದಿನಿಂದ ಆ ಆಸೆ ಇಟ್ಟುಕೊಂಡಿದ್ದ ನನಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಜಮಾನರು ಹೂಂ ಅಂದರು. ಅತ್ತೆ ಮಾತ್ರ ಷರತ್ತು ಹಾಕಿದರು.

"ಒಂದ್ಸತಿ ನೋಡ್ತೀನಿ ಕಣಮ್ಮಿ. ಜನ ನಗೋ ಅಂಗಾದ್ರೆ ಇದೇ ಕೊನೆ."

ಮೇಷ್ಟ್ರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು. "ಹಾಸ್ಯ ನಾಟಕ ಕಣಮ್ಮಾ. ಜನ ನಗದೇ ಇದ್ರೆ ನನ್ ಕಥೆ ಕೊನೆ!"

ತೊಡೆ ತಟ್ಟಿದ ನಾಯಕ

ನಾಟಕದ ನಾಯಕನ ಪಾರ್ಟು ಮಾಡಿದವರು ಒಬ್ಬ ಹೊಗೆಸೊಪ್ಪಿನ ರೈತರು. ಇಷ್ಟು ವರ್ಷ ಗದೆ ಪಾರ್ಟೇ ಮಾಡಿದವರು. ಹೆಗಲ ಮೇಲೆ ಗದೆ ಇಲ್ಲದಿದ್ದರೆ ಅವರಿಗೆ ಹೆಜ್ಜೆಯೇ ಏಳುವುದಿಲ್ಲ. ಪಾಪ ಅಂತ ಮೇಷ್ಟ್ರು ಒಂದು ಛತ್ರಿ ಕೊಟ್ಟರು. ಅದನ್ನೂ ಹೆಗಲಿಗೇರಿಸಿ, ನೆಲ ನಡುಗುವಂತೆ ನಡೆದು ಬಂದು, ನನ್ನೆದುರು ನಿಂತು ತೊಡೆ ತಟ್ಟಿ, "ನಾನು ನಿನ್ನನ್ನು ಪ್ರೀತಿಸುತ್ತೇನೆ!" ಎಂದು ಗರ್ಜಿಸಿದರು. ನಾನು ಹೆದರಿ ಎರಡು ಮಾರು ಹಿಂದೆ ಸರಿದೆ.

ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು ಬಂದು ಕೈಮುಗಿದರು. "ಅಣ್ಣಾ, ನೀವು ಈಯಮ್ಮನ್ನ ಮದ್ವೆ ಆಗ್ಬೇಕು, ಸೋಲಿಸ್ಬೇಕಾಗಿಲ್ಲ!"

ಶಾಖ ನೋಡುವ ಪ್ರೇಮಿ

ಆಗ ಹೊಗೆಸೊಪ್ಪನ್ನು ಬ್ಯಾರನ್ ಅನ್ನುವ ಗೂಡುಮನೆಯಲ್ಲಿ ತೂಗುಹಾಕಿ ಬಿಸಿಯಲ್ಲಿ ಬೇಯಿಸುವ ಕಾಲ. ನಾಯಕರು ಬ್ಯಾರನ್ ಬಿಟ್ಟು ಬರುವ ಹಾಗಿಲ್ಲ; ಒಲೆಗೆ ಸೌದೆ ಹಾಕುತ್ತಾ, ಒಳಗಿನ ಶಾಖ ನೋಡುತ್ತಾ ಇರಬೇಕು. ಹಾಗಾಗಿ ತಾಲೀಮೆಲ್ಲ ಅವರ ಬ್ಯಾರನ್ ಮುಂದೆಯೇ ನಡೆಯಿತು. ಇಬ್ಬರೂ ಸೇರಿ ಹಾಡುವ ಪ್ರೇಮಗೀತೆಯ ಎರಡನೇ ಚರಣ ಬರುವ ಹೊತ್ತಿಗೆ ಅವರು ನನ್ನ ಕೈ ಬಿಟ್ಟು ಓಡುವರು. ಶಾಖ ನೋಡಿ ಬಂದು ಮತ್ತೆ ಕೈ ಹಿಡಿಯುವರು.

ಕೊನೆಯ ತಾಲೀಮು ಶಾಲೆ ಮೈದಾನದಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಸೊಪ್ಪೆಲ್ಲ ಬೆಂದು ಮುಗಿದು ಬ್ಯಾರನ್ ತಣ್ಣಗಾಗಿತ್ತು. ಎರಡನೇ ಚರಣ ಬಂತು ನೋಡಿ, ನಾಯಕರು ಕೈ ಬಿಟ್ಟು ಓಡಿಯೇಬಿಟ್ಟರು.

"ಎಲ್ಲಿಗಣ್ಣಾ?" ಅಂತ ಮೇಷ್ಟ್ರು ಕೂಗಿದರು.

"ಇಲ್ಲೇ, ಶಾಖ ನೋಡ್ಕಂಡ್ ಬತ್ತೀನಿ!"

ಎಷ್ಟು ಹೇಳಿದರೂ ಆ ಅಭ್ಯಾಸ ಹೋಗಲಿಲ್ಲ. ಕೊನೆಗೆ ಮೇಷ್ಟ್ರೇ ಸೋತು, ಅವರು ಓಡಿ ವಾಪಸ್ ಬರುವ ತನಕ ನಾನು ಒಬ್ಬಳೇ ಹಾಡುವುದಕ್ಕೆ ಒಂದು ವಿರಹಗೀತೆ ಬರೆದುಕೊಟ್ಟರು.

ಗುಮಾಸ್ತನ ಅರಮನೆ

ಪರದೆಗಳನ್ನು ಹುಣಸೂರಿನಿಂದ ಬಾಡಿಗೆಗೆ ತರಿಸಿದ್ದೆವು. ನಾಟಕದ ದಿನ ಬಿಚ್ಚಿದರೆ ಇದ್ದಿದ್ದು ಎರಡೇ: ಒಂದು ಕಾಡು, ಒಂದು ದರ್ಬಾರು. ನಾಟಕದಲ್ಲಿ ನಾಯಕ ಬಡ ಗುಮಾಸ್ತ. ಕಾಡಿನಲ್ಲಿ ಸಂಸಾರ ಮಾಡಿಸುವುದು ಬೇಡವೆಂದು ದರ್ಬಾರನ್ನೇ ಇಳಿಬಿಟ್ಟರು. ಸಾಲು ಸಾಲು ಚಿನ್ನದ ಕಂಬ, ನಡುವೆ ಸಿಂಹಾಸನ. ಅದರ ಮುಂದೆ ನಾಯಕರು ಹರಿದ ಕಾಲರಿನಲ್ಲಿ ನಿಂತು, "ಅಯ್ಯೋ, ಈ ಗೂಡಿನಂಥ ಮನೆಯಲ್ಲಿ ಕೈಕಾಲು ಆಡಿಸೋಕೂ ಜಾಗವಿಲ್ಲ!" ಎಂದು ಗೋಳಾಡಿದರು.

ಜನರ ನಡುವಿನಿಂದ ಅಜ್ಜನೊಬ್ಬ ಕೂಗಿದ. "ಆ ಕಂಬ್ಗೊಳ್ನ ತಗ್ಸಲಾ, ಜಾಗ ಆಯ್ತದೆ!"

ಅತ್ತೆಯ ಸೀನು

ನಾಟಕದಲ್ಲಿ ನನಗೆ ಅತ್ತೆಯಾಗಿದ್ದವರು ಗಂಡಸು, ನಮ್ಮೂರ ಹಾಲಿನ ಡೇರಿ ಸೆಕ್ರೆಟರಿ. ಅವರು ಸೀರೆ ಉಟ್ಟು, ತುರುಬು ಕಟ್ಟಿ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನನ್ನನ್ನು ಹಾಡಿ ಹಾಡಿ ಬಯ್ಯುವ ದೃಶ್ಯ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮತ್ತೆ ಮಾತ್ರ ಮುಖ ಬಿಗಿದುಕೊಂಡಿದ್ದರು. ಜನ ನಕ್ಕಷ್ಟೂ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇದೇ ಮೊದಲು, ಇದೇ ಕೊನೆ ಅಂದುಕೊಂಡೆ.

ಅಷ್ಟರಲ್ಲಿ ನಮ್ಮತ್ತೆ ಎದ್ದು ಸೀದಾ ಸ್ಟೇಜು ಹತ್ತಿದರು. ಪಾರ್ಟು ಮೆಚ್ಚಿಗೆಯಾದರೆ ನಡುವೆಯೇ ಬಂದು ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಹಾಗೆಂದುಕೊಂಡು ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. ಅತ್ತೆಯ ಕೈಯಲ್ಲಿ ಹಾರ ಇರಲಿಲ್ಲ. ಸೆಕ್ರೆಟರಿಯ ಮುಂದೆ ನಿಂತು ಶುರು ಮಾಡಿದರು:

"ಏನ್ಲಾ, ಉಪ್ಪು ಜಾಸ್ತಿಯಾ? ನನ್ ಸೊಸೆ ಮಾಡಿದ್ ಸಾರ ನೀನ್ ಯಾವತ್ಲಾ ತಿಂದಿದ್ದೀಯ? ಅವ್ಳನ್ನ ಬಯ್ಯಾಕೆ ಮನೇಲಿ ನಾನಿಲ್ವಾ? ನಿನ್ ಕೆಲ್ಸ ಹಾಲ್ ಅಳ್ಯೋದು, ಅದ ಮಾಡು!"

ಸೆಕ್ರೆಟರಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ತಪ್ಪಾಯ್ತು ಕಣವ್ವಾ" ಅಂದರು. ಇಡೀ ಮೈದಾನ "ಒನ್ಸ್ ಮೋರ್!" ಎಂದು ಕೂಗಿತು. ಒನ್ಸ್ ಮೋರ್ ಬಂದರೆ ಮತ್ತೆ ಮಾಡಿ ತೋರಿಸಲೇಬೇಕು ಅನ್ನುವುದು ಅತ್ತೆಗೂ ಗೊತ್ತು. ಅವರು ಮೆಟ್ಟಿಲಿಳಿದು ಹೋಗಿ, ಮತ್ತೆ ಹತ್ತಿ ಬಂದು, ಈ ಸಲ ಸೊಂಟಕ್ಕೆ ಕೈಯಿಟ್ಟು ಅಷ್ಟನ್ನೂ ಬಯ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಮದುವೆಯಾಗಿ ಬಂದ ಮೇಲೆ ಅತ್ತೆ ನನ್ನ ಪರ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಮೈಕಿನಲ್ಲಿ.

ಬೆಳಿಗ್ಗೆ, ನಮ್ಮ ಕಡೆಯದೇ ಊರಾದ ಕೊಪ್ಪದವರು ಅವರೂರಲ್ಲೂ ನಾಟಕ ಆಡಬೇಕೆಂದು ಕೇಳಿದ್ದಾರೆ ಅನ್ನುವ ಸುದ್ದಿ ಬಂತು. ನಾನು ಅಳುಕುತ್ತಲೇ ಅತ್ತೆಯ ಹತ್ತಿರ ಹೋದೆ.

"ಅತ್ತೆ, ಜನ ಅಷ್ಟೊಂದು ನಕ್ಕರು. ನಾನಿನ್ನು ಹೋಗೋ ಹಾಗಿಲ್ವಾ?"

ಅತ್ತೆ ಕನ್ನಡಿ ಮುಂದೆ ತುರುಬು ಸರಿಮಾಡಿಕೊಳ್ಳುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ.

"ನೀನ್ ಬರದಿದ್ರೆ ಬುಡು ಕಣಮ್ಮಿ. ನಾನಂತೂ ಮೇಷ್ಟ್ರಿಗೆ ಬತ್ತೀನಿ ಅಂತ ಮಾತ್ ಕೊಟ್ಬುಟ್ಟಿವ್ನಿ!"