ಅದವಾಗಿ ಉರಿದ ಕಾಫಿ

ಕಾಫಿ ಪೊಟ್ಟಣದ ಮೇಲೆ ಎರಡು ಸಾಲು ಬರೆಯಲು ನನಗಿಂತ ಯೋಗ್ಯ ಮನುಷ್ಯ ಚನ್ನಪಟ್ಟಣ ತಾಲ್ಲೂಕಿನಲ್ಲೇ ಇಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. “‘ಅಬ್ಬ’ ಅಲ್ಲ ಕಣೋ, ‘ಹಬ್ಬ’ ಅನ್ನು” ಎಂದು ಮಕ್ಕಳ ಬಾಯಲ್ಲಿ ಹಕಾರ ಹೊರಡಿಸುವುದರಲ್ಲೇ ಅರ್ಧ ಆಯುಷ್ಯ ಸವೆಸಿದವನು.

ಕಾಫಿ ನನ್ನ ಹೆಂಡತಿ ಸಾವಿತ್ರಿಯದು. ಮನೆಯ ಮುಂಭಾಗದಲ್ಲೇ ಅವಳ ಪುಡಿ ಅಂಗಡಿ. ಅವಳು ಬೀಜ ಹುರಿಯುವುದನ್ನು ನೋಡಬೇಕು. ಗಡಿಯಾರ ನೋಡುವುದಿಲ್ಲ, ಡ್ರಮ್ಮು ತಿರುಗಿಸುತ್ತಾ ಕಿವಿಗೊಡುತ್ತಾಳೆ. ಬೀಜ ಒಮ್ಮೆ ಚಟಪಟ ಎಂದು ಸುಮ್ಮನಾಗುತ್ತದೆ. ಎರಡನೇ ಸಲ ಬಾಯಿ ಬಿಡುವ ಮೊದಲೇ ಸುರಿದು ಆರಹಾಕುತ್ತಾಳೆ. ಒಂದು ಗಳಿಗೆ ತಡವಾದರೆ ಕರಿ, ಬೇಗವಾದರೆ ಹುಳಿ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಬೈಗುಳ. ಚಿಕೋರಿಯನ್ನು ಅಂಗಡಿಯ ಹೊಸ್ತಿಲು ದಾಟಿಸುವುದಿಲ್ಲ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಯಾವ ಪಾಠವನ್ನೂ ನಾನು ಅಷ್ಟು ಚೆನ್ನಾಗಿ ಮಾಡಿಲ್ಲ. ಇದನ್ನು ಅವಳೆದುರು ಹೇಳುವ ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ.

ಬಿಡದಿ ಕಡೆ ಕಾರ್ಖಾನೆಗಳು ಎದ್ದು, ಮೈಸೂರು ರಸ್ತೆ ಅಗಲವಾಗಿ, ಅಂಗಡಿಗಳಲ್ಲೆಲ್ಲ ಬಣ್ಣಬಣ್ಣದ ಕಾಫಿ ಪೊಟ್ಟಣಗಳು ತೂಗಾಡುತ್ತಿದ್ದ ಕಾಲ ಅದು. ಸಾವಿತ್ರಿ ಖಾಕಿ ಕವರಿಗೆ ತುಂಬಿ ದಾರ ಕಟ್ಟಿ ಕೊಡುವ ಪುಡಿಗೆ ಗಿರಾಕಿಗಳು ಕಡಿಮೆಯಾಗುತ್ತಾ ಬಂದರು. “ಅಂಗ್ಡಿ ಮುಚ್ಬುಡಾಣ್ವಾ?” ಎಂದು ಒಂದು ದಿನ ಅವಳೇ ಕೇಳಿದಳು.

ಅದೇ ವಾರ ಪುಟ್ಟಸ್ವಾಮಿ ಬಂದ. ಕೆಂಗಲ್ಲಿನಲ್ಲಿ ಹೆದ್ದಾರಿ ಪಕ್ಕ ಹೊಸದಾಗಿ ದೊಡ್ಡ ಅಂಗಡಿ ತೆರೆದವನು. ಒಂದು ಲೋಟ ಕಾಫಿ ಕುಡಿದು, ಇನ್ನೊಂದು ಕೇಳಿ ಕುಡಿದು, ಹೇಳಿದ:

“ಅಕ್ಕ, ಕಾರ್ನಲ್ಲಿ ಬರೋರು ಇಂಥದ್ನೇ ಕೇಳೋದು. ಆದ್ರೆ ಖಾಕಿ ಕವರ್ ಕೈಲೂ ಮುಟ್ಟಲ್ಲ. ಒಳ್ಳೆ ಪ್ರಿಂಟಿಂಗ್ ಕವರ್ ಮಾಡ್ಸು, ಮುಂದ್ಗಡೇನೇ ಮಡಗ್ತೀನಿ. ಶ್ರಾವಣದ ಮೊದ್ಲನೇ ಶನಿವಾರ ಆಂಜನೇಯನ ತಾವ ಜನ ಸೇರ್ತಾರೆ, ಅಷ್ಟ್ರೊಳ್ಗೆ ಬರ್ಬೇಕು. ಇಲ್ದಿದ್ರೆ ಆ ಜಾಗ ಬ್ಯಾರೆ ಕಂಪ್ನಿಯೋರ್ಗೆ ಓಯ್ತದೆ.”

ಅಂಗಡಿಯ ಭವಿಷ್ಯ ಕವರಿನ ಮೇಲೆ ನಿಂತಿತು. ಕವರಿನ ಭವಿಷ್ಯ ನನ್ನ ಮೇಲೆ ನಿಂತಿತು!

“ಸುಮ್ನೆ ‘ಕಾಫಿಪುಡಿ’ ಅಂತ ಆಕ್ಸಿ, ಸಾಕು” ಎಂದಳು ಸಾವಿತ್ರಿ.

“ಅದ್ಕೊಂದು ಸಾಯಿತ್ಯ ಬ್ಯಾಡ್ವೇನೇ?” ಎಂದು ನಾನು ಪೆನ್ನು ತೆಗೆದೆ.

ಮೂರು ದಿನ ಕೂತು ಬರೆದೆ. ‘ಹದವಾಗಿ ಹುರಿದ ಅಪ್ಪಟ ಕಾಫಿ. ಹಾಲಿಗೆ ಹೇಳಿ ಮಾಡಿಸಿದ್ದು.’ ಕಡುಕಂದು ಬಣ್ಣದ ಕವರು, ಚಿನ್ನದ ಅಕ್ಷರ, ನಡುವೆ ಹಬೆಯಾಡುವ ಹಿತ್ತಾಳೆ ಲೋಟ ಎಂದೆಲ್ಲ ವಿವರಿಸಿ ಬೆಂಗಳೂರಿನ ಪ್ರೆಸ್ಸಿಗೆ ಕಳಿಸಿದೆ. ಎರಡು ದಿನಕ್ಕೆ ಪ್ರೆಸ್ಸಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ನನ್ನ ಕೈಬರಹ ಅಲ್ಲಿ ಯಾರಿಗೂ ಓದಲು ಬರಲಿಲ್ಲವಂತೆ. ಬಾಯಲ್ಲಿ ಹೇಳಿದರೆ ಟೈಪ್ ಮಾಡಿಕೊಳ್ಳುತ್ತೇನೆ ಎಂದಳು.

ಇಲ್ಲೊಂದು ಗುಟ್ಟು ಹೇಳಬೇಕು. ನನ್ನ ಹಕಾರ ಪ್ಯಾಂಟು ಶರ್ಟಿನ ಜೊತೆ ಬರುತ್ತದೆ. ಸಂಜೆ ಮನೆಗೆ ಬಂದು ಪಂಚೆ ಉಟ್ಟೆನೋ, ಅದೂ ಗೂಟಕ್ಕೆ ನೇತುಬೀಳುತ್ತದೆ. ಆಗ ಸಂಜೆ. ನಾನು ಪಂಚೆಯಲ್ಲಿದ್ದೆ. ಪಕ್ಕದಲ್ಲೇ ಪುಡಿ ಮಾಡುವ ಮಿಷನ್ನು ಗರಗರ ಎನ್ನುತ್ತಿತ್ತು. ಗಂಟಲು ಹರಿಯುವಂತೆ ಕೂಗಿ ಹೇಳಿದೆ.

“ಸರ್, ‘ಉರಿದ’ ಅಂತಾನಾ?” ಎಂದು ಆಕೆ ಪಾಪ, ಎರಡು ಸಲ ಕೇಳಿದಳು.

“ಊನಮ್ಮ, ಉರಿದ. ನಾನು ಕನ್ನಡ ಮೇಷ್ಟ್ರು. ಏಳಿದಂಗೆ ಒಡೀರಿ, ಒಂದಕ್ಷರಾನೂ ಬದಲಾಯಿಸ್ಬ್ಯಾಡಿ.”

ಆಕೆ ಬದಲಾಯಿಸಲಿಲ್ಲ.

ಅಚ್ಚಿಗೆ ಮೊದಲು ಮಾದರಿಯನ್ನೂ ಕಳಿಸಿದರು, ಓದಿ ಸಹಿ ಮಾಡಲು. ಆ ಲೋಟ ಎಷ್ಟು ಚೆನ್ನಾಗಿತ್ತೆಂದರೆ ಹಬೆಗೆ ಮೂಗೊಡ್ಡಬೇಕು ಅನ್ನಿಸಿತು! ಆ ಕಲಾವಿದನ ಕೈಗೆ ಈಗಲೂ ನಮಸ್ಕಾರ. ಅಕ್ಷರ? ಬರೆದವನೇ ನಾನು, ಓದುವುದೇನು? ‘ಸರಿಯಾಗಿದೆ’ ಎಂದು ಸಹಿ ಹಾಕಿದೆ.

ಶ್ರಾವಣದ ಆ ಶನಿವಾರಕ್ಕೆ ಮೂರು ದಿನ ಮುಂಚೆ ಐದು ಸಾವಿರ ಕವರು ಬಂದವು. ಕಟ್ಟು ಬಿಚ್ಚಿದೆ. ಚಿನ್ನದ ಅಕ್ಷರ ಫಳಫಳ ಹೊಳೆಯಿತು.

‘ಅದವಾಗಿ ಉರಿದ ಅಪ್ಪಟ ಕಾಫಿ. ಆಲಿಗೆ ಏಳಿ ಮಾಡಿಸಿದ್ದು.’

ಹುರಿದದ್ದು ಬೇರೆ, ಉರಿದದ್ದು ಬೇರೆ. ಯಾವುದು ಆಗಬಾರದೆಂದು ನನ್ನ ಹೆಂಡತಿ ದಿನವೂ ಉಸಿರು ಬಿಗಿಹಿಡಿದು ಕಾಯುತ್ತಿದ್ದಳೋ, ಅದು ಆಗಿಹೋಗಿದೆ ಎಂದು ಐದು ಸಾವಿರ ಸಲ ಅಚ್ಚು ಹಾಕಿಸಿದ್ದೆ.

ಸಾವಿತ್ರಿ ಗಟ್ಟಿಯಾಗಿ ಓದಿ, “ಸರಿಯಾಗೇ ಐತಲ್ಲ” ಎಂದಳು.

ವಿವರಿಸಿದೆ. ಅವಳು ಲೋಟದ ಮೇಲೆ ಬೆರಳಾಡಿಸಿ, “ಚಿತ್ರ ಚೆಂದಾಗೈತೆ” ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ನಾಚಿಕೆ ತಡೆಯಲಾರದೆ ಪ್ರೆಸ್ಸಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಶಾಂತವಾಗಿ ನನ್ನ ಸಹಿಯನ್ನು ನೆನಪಿಸಿದರು. ಫೋನ್ ಕುಕ್ಕಿದೆ.

“ಬೀಜ ಉರಿಯೋಳು ನಾನು. ನೀವ್ಯಾಕ್ರೀ ಉರ್ದು ಬೀಳ್ತೀರಿ?” ಎಂದಳು ಸಾವಿತ್ರಿ.

ತಿದ್ದುವ ಪಣ ತೊಟ್ಟೆ. ಮೊದಲು ಮಾರ್ಕರ್ ಪೆನ್ನು ಹಿಡಿದೆ. ನುಣುಪು ಕವರಿನ ಮೇಲೆ ಮಸಿ ನಿಲ್ಲದೆ ಲೋಟಕ್ಕೆ ಮೀಸೆ ಬಂತು! ಆಮೇಲೆ ಪೇಟೆಯಲ್ಲಿ ಸ್ಟಿಕ್ಕರ್ ಮಾಡುವವನ ಬಳಿ ಓಡಿದೆ. “ಹಕಾರ ಬಿಟ್ಟೀಯ ಜೋಕೆ, ಒಂದೂ ಬಿಡಬಾರದು” ಎಂದು ಬೆರಳಾಡಿಸಿ ಎಚ್ಚರಿಸಿ ಬಂದೆ. ಅವನು ಹೆದರಿಕೊಂಡು ಒಂದನ್ನೂ ಬಿಡಲಿಲ್ಲ. ನಲವತ್ತು ಕವರಿಗೆ ಅಂಟಿಸಿದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ: ‘ಹದವಾಗಿ ಹುರಿದ ಹಪ್ಪಟ ಕಾಫಿ.’

“ಸಾಕು ಬುಡಿ” ಎಂದಳು ಸಾವಿತ್ರಿ. “ಶನಿವಾರ ಬಂದೇಬುಡ್ತು. ಮೂಗಿರೋರು ತಕ್ಕೋತಾರೆ.” ರಾತ್ರಿ ಹುರಿದದ್ದನ್ನು ಬೆಳಿಗ್ಗೆ ಪುಡಿ ಮಾಡಿ ತುಂಬಿ, ಸ್ಟಿಕ್ಕರಿನದು, ಸ್ಟಿಕ್ಕರಿಲ್ಲದ್ದು ಎಲ್ಲ ಸೇರಿಸಿ ಆಟೋದಲ್ಲಿ ಹೇರಿಕೊಂಡು ಕೆಂಗಲ್ಲಿಗೆ ಹೊರಟೇಬಿಟ್ಟಳು. ಮುಖ ತೋರಿಸಲಾಗದೆ ನಾನು ಮನೆಯಲ್ಲೇ ಕೂತೆ.

ಮಧ್ಯಾಹ್ನ ಪುಟ್ಟಸ್ವಾಮಿಯ ಫೋನ್ ಬಂತು.

“ಮೇಷ್ಟ್ರೇ, ಅಕ್ಕ ಒಂದು ಕವರ್ ಬಿಚ್ಚಿ ಬಾಗ್ಲಲ್ಲಿ ಮಡಗ್ಬುಟ್ರು. ಆ ವಾಸ್ನೆಗೆ ಜನ ಕಾರ್ ನಿಲ್ಸಿ ಬಂದ್ರು. ಎಲ್ಲಾ ಖಾಲಿ. ಚೀಟಿ ಅಂಟ್ಸಿರೋ ನಲವತ್ತು ಮಾತ್ರ ಅಂಗೇ ಕುಂತವೆ.”

“ಅದ್ಯಾಕೆ?”

“ಡೂಪ್ಲಿಕೇಟ್ ಅಂತಾರೆ.”

ಶ್ರಾವಣ ಮುಗಿಯುವಷ್ಟರಲ್ಲಿ ಮೈಸೂರಿಗೆ ಹೋಗುವವರು, ಬರುವವರು ‘ಉರಿದ ಕಾಫಿ ಐತಾ?’ ಎಂದೇ ಕೇಳತೊಡಗಿದರು. ಅಂಗಡಿ ಮುಚ್ಚುವ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ವರ್ಷ ತಿರುಗುವುದರೊಳಗೆ ಕವರೂ ಮುಗಿದವು. ಎರಡನೇ ಅಚ್ಚಿಗೆ ಶುದ್ಧ ಕನ್ನಡದಲ್ಲಿ ಬರೆದಿಟ್ಟ ನನ್ನ ಹಾಳೆಯನ್ನು ಸಾವಿತ್ರಿ ಮಡಿಸಿ ಒಲೆಗೆ ಹಾಕಿದಳು.

ಹೊಸ ಮಾದರಿ ಬಂತು. ಈ ಸಲ ಮೈಮರೆಯಲಿಲ್ಲ. ಕನ್ನಡಕ ಏರಿಸಿ, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು, ಎಲ್ಲಾದರೂ ಒಂದು ಹಕಾರ ನುಸುಳಿದೆಯೇ ಎಂದು ಮೂರು ಸಲ ಓದಿದೆ. ಇರಲಿಲ್ಲ. ‘ಸರಿಯಾಗಿದೆ’ ಎಂದು ಬರೆದು, ಕೆಳಗೆ ‘ಕನ್ನಡ ಪಂಡಿತರು’ ಎಂದು ಸಹಿ ಹಾಕಿದೆ.