ಮಂಡಿ ಆಪರೇಶನ್ನೂ ಬಿಸಿಲಿನ ಕರೆಂಟೂ

ಎಲ್ಲಕ್ಕೂ ಮೂಲ ಭಾವಮೈದ. ಹಿಂದಿನ ದಿನ "ಭಾವ, ಒಂದು ರೌಂಡ್ ಹೋಗಿ ಬರ್ತೀನಿ" ಎಂದು ಕಾರಿನ ಕೀ ಇಸಿದುಕೊಂಡು ಹೋದವನು, ಸ್ನೇಹಿತರನ್ನೆಲ್ಲ ತುಂಬಿಕೊಂಡು, ಎಸಿ ಹಾಕಿಕೊಂಡು ಊರೆಲ್ಲ ಸುತ್ತಿದ. ಆಮೇಲೆ ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ, ಕೀಯನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಮಾಯವಾದ. ಬೆಳಿಗ್ಗೆ ನೋಡಿದರೆ ಬ್ಯಾಟರಿ ತಳ ಕಂಡಿತ್ತು. ಗೇಟು ದಾಟಿ ಹೋಗುವಷ್ಟು ಚಾರ್ಜು ಇತ್ತು, ವಾಪಸು ಬರುವಷ್ಟು ಇರಲಿಲ್ಲ.

ಬೇರೆ ದಿನವಾಗಿದ್ದರೆ ಕಾರಿನ ಯಜಮಾನ ಬಸ್ಸು ಹತ್ತಿ ಆಫೀಸಿಗೆ ಹೋಗಿಬಿಡುತ್ತಿದ್ದ. ಅವತ್ತು ಹಾಗೆ ಮಾಡುವಂತಿರಲಿಲ್ಲ. ಹೆಂಡತಿ ಮಂಡಿ ಆಪರೇಶನ್ ಮಾಡಿಸಿಕೊಂಡು ಊರಾಚೆಯ ಆಸ್ಪತ್ರೆಯಲ್ಲಿದ್ದಳು. ಸಂಜೆ ಕರೆದುಕೊಂಡು ಹೋಗಿ ಎಂದಿದ್ದರು. ಕಾಲು ಮಡಿಸುವಂತಿಲ್ಲವಾದ್ದರಿಂದ ಆಟೋ ಆಗದು. ಟ್ಯಾಕ್ಸಿ ಆಗುತ್ತಿತ್ತು. ಆದರೆ ಕಾರು ಕೊಂಡ ದಿನವೇ ಆಕೆ, "ಬೇಕಾದ ಹೊತ್ತಿಗೆ ಇದು ಕೈಕೊಡದಿದ್ರೆ ಕೇಳಿ" ಎಂದು ಭವಿಷ್ಯ ನುಡಿದಿದ್ದಳು. ಈಗ ಟ್ಯಾಕ್ಸಿಯಲ್ಲಿ ಹೋಗಿ ಎದುರಿಗೆ ನಿಂತರೆ ಉಳಿದ ಆಯುಷ್ಯವೆಲ್ಲ ಆ ಮಾತನ್ನು ಕೇಳಿಸಿಕೊಂಡೇ ಕಳೆಯಬೇಕು. ಅದಕ್ಕಿಂತ ಕಾರನ್ನು ತಳ್ಳಿಕೊಂಡು ಹೋಗುವುದೇ ವಾಸಿ ಎನಿಸಿತು.

ವಿಮಾ ಕಚೇರಿಯ ಈ ಗುಮಾಸ್ತನಿಗೆ ಕಟ್ಟಡದವರು 'ಪರಿಸರ' ಎಂದು ಹೆಸರಿಟ್ಟಿದ್ದರು. ಅವನು ಕರೆಂಟಿನ ಕಾರು ಕೊಂಡದ್ದು ಭೂಮಿಯನ್ನು ಉಳಿಸುವುದಕ್ಕಲ್ಲ, ಪೆಟ್ರೋಲ್ ಬಂಕಿನಲ್ಲಿ ಸಾಲು ನಿಲ್ಲುವುದು ತಪ್ಪಲಿ ಎಂದು. ಹಾಗೆಂದು ಹೇಳಿಕೊಳ್ಳುವುದಕ್ಕೆ ಯಾರೂ ಅವಕಾಶ ಕೊಡಲಿಲ್ಲ.

ಭೂಮಿಯನ್ನು ಉಳಿಸುವ ಹಟ ನಿಜಕ್ಕೂ ಇದ್ದದ್ದು ನಿವಾಸಿಗಳ ಸಂಘದ ಅಧ್ಯಕ್ಷರಿಗೆ. ಅವರು ನಿವೃತ್ತ ಹೆಡ್‌ಮಾಸ್ತರು. ತಾರಸಿಯ ತುಂಬ ಸೋಲಾರ್ ಪ್ಯಾನೆಲ್ ಹಾಕಿಸಿ, ಕಾರಿನ ಚಾರ್ಜಿಂಗ್ ಪಾಯಿಂಟಿಗೆ ಅದರದ್ದೊಂದೇ ಸಂಪರ್ಕ ಕೊಡಿಸಿದ್ದರು. ಬಿಸಿಲಿದ್ದಾಗ ಕಾರು ಆಫೀಸಿನಲ್ಲಿರುತ್ತಿತ್ತು, ಕಾರು ಮನೆಯಲ್ಲಿದ್ದಾಗ ಬಿಸಿಲಿರುತ್ತಿರಲಿಲ್ಲ. ಹೀಗಾಗಿ ಆ ಕಾರು ರಜೆಯ ದಿನ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿತ್ತು.

ಪರಿಸರ ರಜೆ ಹಾಕಿ ಕಾರಿಗೆ ವೈರು ಚುಚ್ಚಿದ. ಆಕಾಶ ಮೋಡ ಕವಿದುಕೊಂಡು ಕೂತಿತ್ತು. ಮಾರುಕಟ್ಟೆಯ ಪಕ್ಕದ ಚಾರ್ಜಿಂಗ್ ಸ್ಟೇಷನ್ನಿಗೆ ನಡೆದು ಹೋಗಿ ನೋಡಿದರೆ ಅದಕ್ಕೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಬೇರೆ ದಾರಿ ಕಾಣದೆ ಬಂದು ಅಧ್ಯಕ್ಷರ ಮನೆ ಬಾಗಿಲು ಬಡಿದ.

"ಇವತ್ತೊಂದು ದಿನ ಮಾಮೂಲಿ ಕರೆಂಟು ಕೊಡಿಸಿ ಸಾರ್."

"ಮಾಮೂಲಿ ಕರೆಂಟು ಕಲ್ಲಿದ್ದಲು ಸುಟ್ಟು ಬರೋದು ಕಣ್ರೀ. ಅದನ್ನ ತಿಂದು ಓಡೋ ಕಾರಿಟ್ಕೊಂಡು ಪರಿಸರ ಅನ್ನಿಸ್ಕೊಳ್ಳೋಕೆ ನಿಮಗೆ ಸಂಕೋಚ ಆಗಲ್ವಾ?"

"ಹಾಗೆ ಕರೀರಿ ಅಂತ ನಾನು ಯಾರನ್ನೂ ಕೇಳಿಲ್ಲ ಸಾರ್."

ಅಧ್ಯಕ್ಷರು ಕರಗಲಿಲ್ಲ. ಅಲ್ಲೇ ಮೀಟರ್ ನೋಡುತ್ತಿದ್ದ ಎಲೆಕ್ಟ್ರಿಷಿಯನ್, ಮೋಡದ್ದು ಅರ್ಧ ತಪ್ಪು, ಪಾರಿವಾಳಗಳದ್ದು ಅರ್ಧ ತಪ್ಪು, ಪ್ಯಾನೆಲ್ಲುಗಳ ಮೇಲೆ ಅವು ಸುಣ್ಣ ಬಳಿದ ಹಾಗೆ ಬಳಿದಿವೆ ಎಂದ. ತೊಳೆಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಇಬ್ಬರೂ ಪರಿಸರನ ಮುಖ ನೋಡಿದರು.

ಹಿಂದಿನ ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ತೂಕಡಿಸಿ ಬಂದಿದ್ದವನು ಬಕೆಟ್ಟು, ಒರೆಸುವ ಕೋಲು ಹೊತ್ತು ತಾರಸಿಗೆ ಹೋದ. ಒಂದೊಂದೇ ಪ್ಯಾನೆಲ್ ಉಜ್ಜಿದ. ಅವನು ಈ ತುದಿಯಲ್ಲಿ ಉಜ್ಜುತ್ತಿದ್ದರೆ ಪಾರಿವಾಳಗಳು ಆ ತುದಿಯಲ್ಲಿ ತಮ್ಮ ಕೆಲಸ ಮುಂದುವರಿಸುತ್ತಿದ್ದವು. ಟ್ಯಾಂಕಿನ ನೀರು ಮುಗಿದು, ಮತ್ತೆ ಪಂಪು ಹಾಕುವಷ್ಟರಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದ ಯಾರೋ ಬಚ್ಚಲುಮನೆಯ ಕಿಟಕಿಯಿಂದ ಅವನ ವಂಶವನ್ನೆಲ್ಲ ನೆನೆದರು. ಸೊಂಟ ಹಿಡಿದುಕೊಂಡಿತು. ಆದರೂ ಕೊನೆಯ ಪ್ಯಾನೆಲ್ ಮುಗಿಯುವ ಹೊತ್ತಿಗೆ ಮೋಡ ಸರಿದು ಬಿಸಿಲು ಬಿತ್ತು. ಪರಿಸರನಿಗೆ ಹೋದ ಜೀವ ಬಂದ ಹಾಗಾಯಿತು.

ಕೆಳಗಿಳಿದು ಬಂದು ನೋಡಿದರೆ ಕಾರಿಗೆ ಕರೆಂಟೇ ಹರಿಯುತ್ತಿರಲಿಲ್ಲ.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ಬಿಸಿಲಿನ ಕರೆಂಟು ಚೆನ್ನಾಗಿ ಬರುತ್ತಿದ್ದರೆ ಮೆಟ್ಟಿಲ ಬುಡದಲ್ಲೊಂದು ಹಸಿರು ಬಲ್ಬು ಉರಿಯುತ್ತಿತ್ತು. ಆ ಕರೆಂಟಿಗೆ ಬಿಲ್ಲಿಲ್ಲ. ಬಲ್ಬು ಕಂಡದ್ದೇ ತಡ, ಮನೆಮನೆಯಲ್ಲೂ ವಾಷಿಂಗ್ ಮಷಿನ್ನು, ಇಸ್ತ್ರಿಪೆಟ್ಟಿಗೆ, ಗೀಸರು ಎಲ್ಲ ಒಟ್ಟಿಗೆ ಶುರುವಾಗುತ್ತಿದ್ದವು. ಮೋಡದ ದೆಸೆಯಿಂದ ವಾರದ ಬಟ್ಟೆ ರಾಶಿ ಹಾಕಿಕೊಂಡು ಕಾದಿದ್ದವರು ಅವತ್ತು ಒಂದು ಹನಿಯನ್ನೂ ಕಾರಿಗೆ ಉಳಿಸಲಿಲ್ಲ.

ಪರಿಸರ ಮನೆಮನೆಯ ಗಂಟೆ ಒತ್ತಿದ. ಇದೊಂದು ಇಸ್ತ್ರಿ ಮುಗಿಸಿಬಿಡುತ್ತೇವೆ ಎಂದು ಒಬ್ಬರು, ತನ್ನ ಮಷಿನ್ನು ನಡುವೆ ನಿಲ್ಲಿಸಿದರೆ ಮುನಿಸಿಕೊಳ್ಳುತ್ತದೆ ಎಂದು ಇನ್ನೊಬ್ಬರು. ಎರಡನೇ ಮಹಡಿಯ ಸಂಗೀತದ ಟೀಚರಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ಅವನಿಗೆ ನಿಲ್ಲಲು ತ್ರಾಣವಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಣ್ಣು ತುಂಬಿ ಬಂತು. ಹೆಂಡತಿ, ಮಂಡಿ, ಅವಳ ಭವಿಷ್ಯವಾಣಿ ಎಲ್ಲವನ್ನೂ ಹೇಳಿಕೊಂಡ.

ಟೀಚರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ತಾರಸ್ಥಾಯಿಯಲ್ಲಿ ಪಳಗಿದ ಗಂಟಲು.

"ಅಲ್ಲಿ ಒಬ್ಬಳು ಕಾಲು ಚಾಚ್ಕೊಂಡು ದಾರಿ ಕಾಯ್ತಿದಾಳೆ, ನಿಮಗೆಲ್ಲ ಬಟ್ಟೆ ಒಗೆಯೋದೇ ಹೆಚ್ಚಾಯ್ತಾ?"

ಕಟ್ಟಡ ತಣ್ಣಗಾಯಿತು. ಇಸ್ತ್ರಿ ಅರ್ಧಕ್ಕೆ ನಿಂತಿತು, ಬಟ್ಟೆಗಳು ನೊರೆಯಲ್ಲೇ ನೆನೆದವು. ಅಧ್ಯಕ್ಷರ ಕಲ್ಲುಮನಸ್ಸೂ ಕರಗಿತು. ಬಿಸಿಲಿನದ್ದಾದರೆ ಸಾಕು, ಎಲ್ಲಿಂದ ಸಿಗುತ್ತದೋ ಅಲ್ಲಿಂದೆಲ್ಲ ತಂದು ಆ ಕಾರಿಗೆ ತುಂಬಿಸು ಎಂದು ಎಲೆಕ್ಟ್ರಿಷಿಯನ್ನಿಗೆ ಅಪ್ಪಣೆ ಮಾಡಿದರು. ಬಿಸಿಲು ಇಳಿಯುವ ಹೊತ್ತಿಗೆ ಹೋಗಿ ಬರಲು ಸಾಕಾಗಿ ಇನ್ನಷ್ಟು ಮಿಗುವಷ್ಟು ಚಾರ್ಜು ಸೇರಿತ್ತು. ಎಲ್ಲರೂ ಗೇಟಿನವರೆಗೆ ಬಂದು ಅವನನ್ನು ಕಳಿಸಿಕೊಟ್ಟರು.

ಹೆಂಡತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಅರ್ಧ ದಾರಿಯಲ್ಲಿ, "ಕುಲುಕಾಟ ಇಲ್ಲ. ಪರವಾಗಿಲ್ಲ ಕಾರು" ಎಂದಳು. ಸ್ಟಿಯರಿಂಗ್ ಹಿಡಿದಿದ್ದ ಪರಿಸರನಿಗೆ ಸೊಂಟನೋವು ಮರೆತೇಹೋಯಿತು. ಮದುವೆಯಾದಾಗಿನಿಂದ ಅವನು ಕೊಂಡು ತಂದ ಯಾವ ವಸ್ತುವಿಗೂ ಆಕೆ ಪರವಾಗಿಲ್ಲ ಎಂದಿರಲಿಲ್ಲ.

ಮನೆಗೆ ಬಂದಾಗ ಕಟ್ಟಡವೆಲ್ಲ ಕತ್ತಲು. ಬೀದಿಯೂ ಕತ್ತಲು. ನೆರೆಹೊರೆಯವರು ಗೇಟಿನ ಬಳಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಕಾರು ಆಚೆ ಹೋದ ಮರುಕ್ಷಣವೇ, ಇವನಿಗೋಸ್ಕರ ನಿಲ್ಲಿಸಿದ್ದನ್ನೆಲ್ಲ ಎಲ್ಲರೂ ಒಟ್ಟಿಗೇ ಶುರು ಮಾಡಿದ್ದರು. ಬಿಸಿಲು ಹೋಗಿತ್ತು, ಭಾರವೆಲ್ಲ ಮಾಮೂಲಿ ಕರೆಂಟಿನ ಮೇಲೆ ಬಿದ್ದು ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತ್ತು. ನಾಳೆ ಮಧ್ಯಾಹ್ನದ ತನಕ ಆಸೆ ಇಟ್ಟುಕೊಳ್ಳಬೇಡಿ ಎಂದು ಲೈನ್‌ಮನ್ ಹೇಳಿ ಹೋಗಿದ್ದ.

ಇವರ ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ.

"ಲಿಫ್ಟಿಗೆ ಬೇರೆ ಬ್ಯಾಟರಿ ಇದೆಯಲ್ಲಪ್ಪ?" ಎಂದ ಪರಿಸರ.

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. "ಅದರಲ್ಲಿದ್ದಿದ್ದೂ ನಿಮ್ಮ ಕಾರಿಗೇ ಹೋಯ್ತು ಸಾರ್. ಅದೂ ಬಿಸಿಲಿಂದೇ ಅಲ್ವಾ?"

ಹೆಂಡತಿ ಕಾರಿನೊಳಗಿಂದಲೇ ಗಂಡನನ್ನು ನೋಡಿದಳು. ಆ ನೋಟ ಅವನಿಗೆ ಹಳೆಯ ಪರಿಚಯ.

ದಾರಿ ತೋರಿಸಿದವನೂ ಎಲೆಕ್ಟ್ರಿಷಿಯನ್ನೇ. ಆ ಕಾರಿನಿಂದ ಕರೆಂಟು ಹೊರಗೆ ಕೊಡುವುದಕ್ಕೂ ಒಂದು ಪ್ಲಗ್ಗಿತ್ತು. ಅಲ್ಲಿಂದ ವೈರು ಎಳೆದು ಲಿಫ್ಟಿನ ಬ್ಯಾಟರಿಗೆ ಉಣ್ಣಿಸತೊಡಗಿದ. ಟೀಚರಮ್ಮ ಕೊಟ್ಟ ಬಿಸಿನೀರು ಕುಡಿದು ಮುಗಿಸಿ, ಅಧ್ಯಕ್ಷರ ಉಪದೇಶ ಕೇಳಿ ಮುಗಿಸಿ ಬಹಳ ಹೊತ್ತಾದ ಮೇಲೆ ಲಿಫ್ಟು ಮಿಸುಕಾಡಿತು. ಹೆಂಡತಿಯ ಜೊತೆ ಚೀಲ ಹಿಡಿದು ಟೀಚರಮ್ಮ, ಉಸ್ತುವಾರಿಗೆಂದು ಅಧ್ಯಕ್ಷರು ಹತ್ತಿದರು. ಆಮೇಲೆ, ಹೇಗೂ ನಡೆಯುತ್ತಿದೆಯಲ್ಲ ಎಂದು ಕಟ್ಟಡದ ಮಂದಿಯೆಲ್ಲ ಸರದಿಯಂತೆ ಮೇಲೆ ಹೋದರು. ಮರೆತ ಮೊಬೈಲಿಗೆಂದು ಕೆಳಗಿಳಿದು ಮತ್ತೆ ಹೋದವರೂ ಇದ್ದರು. ಪರಿಸರನ ಸರದಿ ಬಂದಾಗ ಲಿಫ್ಟೂ ನಿಂತಿತು, ಕಾರೂ ಬರಿದಾಯಿತು. ಅವನು ಮೆಟ್ಟಿಲು ಹತ್ತಿದ.

ಹೆಂಡತಿ ಮಂಚದ ಮೇಲೆ ಮಲಗಿ, ಕಾಲ ಕೆಳಗೆ ದಿಂಬು ಇಟ್ಟುಕೊಂಡಿದ್ದಳು. ಮುಖದಲ್ಲಿ ಎಂದೂ ಕಾಣದ ಮೆತ್ತನೆಯ ಕಳೆ.

"ಸುಮ್ಮನೆ ಬೈಕೊಂಡೆ ಕಣ್ರೀ ನಿಮ್ಮ ಕಾರನ್ನ. ಆಸ್ಪತ್ರೆಯಿಂದ ಮಂಚದ ತನಕ ಅದೇ ತಂತು."

ಪರಿಸರ ಕುರ್ಚಿಯಲ್ಲಿ ಕುಸಿದು ಶೂ ಬಿಚ್ಚತೊಡಗಿದ. ಆಯಾಸವೆಲ್ಲ ಇಳಿದಂತಾಯಿತು.

"ಬೆಳಿಗ್ಗೆ ಬೇಗ ಏಳಿ. ಬ್ಯಾಂಡೇಜ್ ಬದಲಾಯಿಸೋಕೆ ಬರ್ಬೇಕಂತೆ, ತಡ ಮಾಡ್ಬೇಡಿ ಅಂದಿದಾರೆ ಡಾಕ್ಟ್ರು. ಆಸ್ಪತ್ರೆ ಗಾಡಿನೇ ಕಳಿಸ್ತೀವಿ ಅಂತ ಈಗ ಫೋನ್ ಮಾಡಿದ್ರು. ಬೇಡ, ನಮ್ಮನೆಯವರದ್ದು ಕಾರಿದೆ ಅಂದ್ಬಿಟ್ಟೆ."

ಪರಿಸರ ಬಿಚ್ಚಿದ ಶೂವನ್ನು ಕೈಯಲ್ಲೇ ಹಿಡಿದುಕೊಂಡು, "ಒಳ್ಳೇದಾಯ್ತು" ಎಂದ.