ಮೆದೆರ್‌ನ ಕೈಗುಣ

ಯಾವ ವಿಭಾಗ ಬೇಕೆಂದು ಸಂಜೆಯೊಳಗೆ ಹೇಳದಿದ್ದರೆ ತಾವೇ ಒಂದಕ್ಕೆ ಹಾಕಿಬಿಡುವುದಾಗಿ ದೊಡ್ಡ ಡಾಕ್ಟರಮ್ಮ ಗದರಿದ್ದರು. ನರೀನ್ ಪಟ್ಟಣದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮೆದೆರ್ ಮುಂದೆ ಮೂರು ದಾರಿಗಳಿದ್ದವು: ಮಕ್ಕಳು, ಮುದುಕರು, ಆಟಗಾರರು.

ಅವನಿಗೆ ಯೋಚಿಸುವಂಥದ್ದೇನೂ ಇರಲಿಲ್ಲ. ಕುದುರೆಯ ಮೇಲಿಂದಲೇ ಬಗ್ಗಿ ಮೇಕೆಯ ಕಳೇಬರಕ್ಕೆ ಕಿತ್ತಾಡುವ ಕೊಕ್‌ಬೊರು ಆಟವೆಂದರೆ ಅವನಿಗೆ ಪ್ರಾಣ. ಹುಡುಗನಾಗಿದ್ದಾಗ ಬಿದ್ದು ಸೊಂಟ ಮುರಿದುಕೊಂಡವನು ಮತ್ತೆ ಜೀನು ಏರಿರಲಿಲ್ಲ. ಆದರೂ ಬೀದಿಯಲ್ಲಿ ಗೊರಸಿನ ಸದ್ದಾದರೆ ತೊಡೆಗಳು ತಾವಾಗಿ ಬಿಗಿದುಕೊಳ್ಳುತ್ತಿದ್ದವು. ಸವಾರನಾಗದಿದ್ದರೆ ಬೇಡ, ಸವಾರರ ಭುಜ ತಿಕ್ಕಿಕೊಂಡಾದರೂ ಆ ಮೈದಾನದಲ್ಲಿ ನಿಲ್ಲಬೇಕು. ಆಟಗಾರರ ವಿಭಾಗಕ್ಕೆ ಹೋಗಲು ಊರ ಕೊಕ್‌ಬೊರು ತಂಡದ ತರಬೇತುದಾರ ಎಸೆನ್‌ಕುಲ್‌ನ ಒಪ್ಪಿಗೆ ಬೇಕಿತ್ತು; ಅವನು ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದರೆ ಸಾಕಿತ್ತು.

ತನ್ನ ಮನೆಯ ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬರ್ಮೆತ್ ಅಪಾ ಅಡ್ಡ ಬಂದರು.

"ಎಲ್ಲಿಗಪ್ಪಾ ಇಷ್ಟು ಬೆಳಿಗ್ಗೆ? ಈ ಮಂಡಿ ಒಂಚೂರು ನೋಡು."

"ಅವಸರದಲ್ಲಿದೀನಿ ಅಪಾ. ಕುದುರೆ ತಂಡಕ್ಕೆ ಸೇರ್ಕೊಳ್ಳೋಣ ಅಂತ ಹೊರಟೆ."

"ಆ ಗೂಳಿಗಳಿಗೆ ನೋವು ಅಂದ್ರೆ ಏನು ಗೊತ್ತು? ಕೂತ್ಕೊ."

ಮಂಡಿ ನೋಡಿದ. ಅಷ್ಟರಲ್ಲಿ ಅಪಾ ಅವರ ಅಕ್ಕ ಬಂದರು, ಅಕ್ಕನ ಬೀಗಿತ್ತಿ ಬಂದರು. ಬಾವಿಗೆ ಬಿಂದಿಗೆ ಸಾಲಿಟ್ಟಂತೆ ಮಂಡಿಗಳು ಸಾಲಾಗಿ ಕೂತವು. ಬಿಡಿಸಿಕೊಂಡು ಟ್ಯಾಕ್ಸಿ ಹತ್ತಿದರೆ ಚಾಲಕನ ಕತ್ತು ಹಿಡಿದುಕೊಂಡಿತ್ತು.

"ಎಡಕ್ಕೆ ತಿರುಗಲ್ಲ ತಮ್ಮಾ. ಅದಕ್ಕೇ ಬಲಕ್ಕೆ ಬಲಕ್ಕೆ ಸುತ್ತಿ ಹೋಗ್ತೀನಿ."

ಹಾಗೆ ಊರೆಲ್ಲ ಸುತ್ತುವುದಕ್ಕಿಂತ ಆ ಕತ್ತು ಸರಿಮಾಡುವುದೇ ಬೇಗ ಎಂದು ಮೆದೆರ್ ಅದನ್ನೂ ನೀವಿದ.

ಮೈದಾನ ತಲುಪಿದಾಗ ಮಧ್ಯಾಹ್ನ ಜಾರಿತ್ತು. ಕುದುರೆಗಳು ಧೂಳೆಬ್ಬಿಸಿ ಓಡುತ್ತಿದ್ದವು. ಬೆವರು, ಚರ್ಮ, ಹುಲ್ಲಿನ ವಾಸನೆಯನ್ನು ಅವನು ಎದೆ ತುಂಬ ಎಳೆದುಕೊಂಡ. ಲಾಯದ ಬಾಗಿಲಲ್ಲಿ ಎಸೆನ್‌ಕುಲ್ ಹುಲ್ಲಿನ ಮೇಲೆ ಬೋರಲು ಬಿದ್ದಿದ್ದ.

"ಯಾರಾದ್ರೂ ಆಗಿರು, ಮುಟ್ಟಬೇಡ. ಬೆನ್ನು ಹಿಡ್ಕೊಂಡಿದೆ."

ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ? ಮೆದೆರ್ ಮೈಯೆಲ್ಲ ಬೆರಳಾಗಿ ದುಡಿದ. ಸ್ವಲ್ಪ ಹೊತ್ತಿಗೆ ಎಸೆನ್‌ಕುಲ್ ಎದ್ದು ನಿಂತ, ಬಗ್ಗಿದ, ಎರಡು ಹೆಜ್ಜೆ ಕುಣಿದೇಬಿಟ್ಟ.

"ಏನು ಕೈಗುಣವಯ್ಯಾ ನಿಂದು. ಏನು ಬೇಕು ಹೇಳು."

"ಇಲ್ಲಿ ಕೆಲಸ, ಅಣ್ಣಾ. ಇಲ್ಲೇ ಇರಬೇಕು ಅಂತ ಚಿಕ್ಕಂದಿನಿಂದ ಆಸೆ. ಡಾಕ್ಟರಮ್ಮನಿಗೆ ನೀವೊಂದು ಮಾತು ಹೇಳಿದ್ರೆ…"

"ಇಲ್ಲೇ ಇರ್ತೀಯಂತೆ. ನನಗೆ ಬಿಡು."

ಮೆದೆರ್ ಗಾಳಿಯಲ್ಲಿ ತೇಲುತ್ತ ಆಸ್ಪತ್ರೆಗೆ ಬಂದ. ಡಾಕ್ಟರಮ್ಮ ಎಂದೂ ಇಲ್ಲದಂತೆ ನಗುತ್ತ ಚಹಾ ಕೊಟ್ಟರು.

"ಎಸೆನ್‌ಕುಲ್ ಫೋನ್ ಮಾಡಿದ್ದ. ನಿನ್ನ ಹೊಗಳಿದ್ದೇ ಹೊಗಳಿದ್ದು. ಹಳೇ ಮೂಳೆಗೆ ಇಂಥ ಕೈ ಊರಲ್ಲೇ ಇಲ್ವಂತೆ. 'ನನ್ನ ಸವಾರರಿಗೆ ನೋವು ಅಂದ್ರೇನೇ ನಾಚಿಕೆ, ಅವರ ಹಿಂದೆ ಇಟ್ಟು ಈ ಹುಡುಗನ್ನ ಹಾಳು ಮಾಡಬೇಡಿ' ಅಂದ. ಮುದುಕರ ವಿಭಾಗಕ್ಕೆ ನಿನ್ನ ಹೆಸರು ಕಳಿಸಿಯೂ ಆಯ್ತು."

ಮೆದೆರ್ ಕುಡಿಯದ ಚಹಾವನ್ನು ಮೇಜಿನ ಮೇಲೆ ಇಟ್ಟ.

"ಬೇಜಾರು ಮಾಡ್ಕೋಬೇಡ. ಮೊದಲ ರೋಗಿ ಎಸೆನ್‌ಕುಲ್‌ನ ಅಪ್ಪನೇ. ಮನೆ ಮೈದಾನಕ್ಕೇ ಅಂಟಿಕೊಂಡಿದೆ, ಅಲ್ಲೇ ಇರೋ ನಿನ್ನಾಸೆನೂ ತೀರುತ್ತೆ ಅಂದ. ಇವತ್ತೇ ಹೋಗಿ ಬಾ."

ಹೋದ. ಮುದುಕನ ಹಾಸಿಗೆ ಕಿಟಕಿಯ ಪಕ್ಕದಲ್ಲೇ ಇತ್ತು. ಹೊರಗೆ ಇಳಿಬಿಸಿಲಿನಲ್ಲಿ ಕುದುರೆಗಳು ಒಂದಕ್ಕೊಂದು ಒತ್ತರಿಸಿಕೊಂಡು ಬಂದವು, ಯಾರೋ ಸವಾರ ನೆಲಕ್ಕೆ ಬಾಗಿದ. ಮುದುಕನ ಕಾಲು ಹಿಡಿದ ಮೆದೆರ್‌ನ ಕೈ ಅಲ್ಲೇ ನಿಂತಿತು. ಇದೂ ಒಂದು ಭಾಗ್ಯವೇ ಎನ್ನಿಸಿ ಕಣ್ಣು ತುಂಬಿ ಬಂತು.

ಮುದುಕ ಕೆಮ್ಮಿದ.

"ಆ ಕಿಟಕಿ ಮುಚ್ಚಪ್ಪಾ. ಧೂಳು."